ಹೋಲಿಕೆ ರಕ್ತ

ಸರ್ವಮಂಗಳ ದಿನಕ್ಕೆ ಎಪ್ಪತ್ತು ಬೆರಳು ಚುಚ್ಚುತ್ತಿದ್ದಳು. ಎಪ್ಪತ್ತು ಸಲವೂ ಒಂದೇ ಮಾತು: "ಇರುವೆ ಕಚ್ಚಿದಂಗೆ ಆಗ್ತೈತೆ, ಅಷ್ಟೆ." ಮಾತು ಮುಗಿಯುವುದಕ್ಕೂ ಸೂಜಿ ಹೊರಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಗಿರಿಜಾ ಮೀಸೆಯ ಲಾರಿ ಡ್ರೈವರುಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಮೂರು ವರ್ಷದ ಕೂಸುಗಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದವು. ಹದಿನಾರು ವರ್ಷ ಲ್ಯಾಬುಗಳಲ್ಲಿ ದುಡಿದವಳಿಗೆ ಗಂಡಸರ ಧೈರ್ಯದ ಬಗ್ಗೆ ಹೊಸದಾಗಿ ತಿಳಿಯುವುದೇನೂ ಉಳಿದಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ದಾವಣಗೆರೆಯಲ್ಲಿ, ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ. ಗೆಜ್ಜೆ ಜ್ವರ ಬಂದ ವರ್ಷ ಆ ಗೋದಾಮಿಗೆ ಸುಣ್ಣ ಬಳಿದು, ಏಸಿ ಕೂರಿಸಿ, 'ನೆನಪು ಪರೀಕ್ಷಾ ಕೇಂದ್ರ' ಎಂದು ಬೋರ್ಡು ತೂಗುಹಾಕಿದ್ದರು. ಬೋರ್ಡು ನೋಡಿ ಮೊದಮೊದಲು ಅರಳುಮರಳಿನ ಮುದುಕರನ್ನು ಕೈಹಿಡಿದು ಕರೆತಂದವರೂ ಇದ್ದರು. ಇದು ತಲೆಯ ನೆನಪಲ್ಲ, ರಕ್ತದ ನೆನಪು ಎಂದು ಸರ್ವಮಂಗಳ ಅವರಿಗೆಲ್ಲ ಸಮಾಧಾನದಿಂದ ಹೇಳಿ ಕಳಿಸುತ್ತಿದ್ದಳು.

ಗೆಜ್ಜೆ ಜ್ವರ ಜ್ವರವಾಗಿ ದೊಡ್ಡದೇನೂ ಅಲ್ಲ. ಮೂರು ದಿನ ಮೈ ಬಿಸಿ, ನಾಲ್ಕನೆಯ ದಿನ ಗಂಜಿ ಕುಡಿದು ಕೆಲಸಕ್ಕೆ. ವೈರಸ್ಸು ಬಂದ ದಾರಿ ಹಿಡಿದು ಹೋಗುತ್ತಿತ್ತು. ತೊಂದರೆಯೆಲ್ಲ ಅದು ಹೋದಮೇಲೆ. ನಮ್ಮ ನರಗಳಿಗೆ ಕರೆಂಟಿನ ತಂತಿಗೆ ರಬ್ಬರ್ ಸುತ್ತಿದ ಹಾಗೆ ಒಂದು ಕೊಬ್ಬಿನ ಕವಚ ಇರುತ್ತದೆ. ಆ ಕವಚಕ್ಕೂ ಈ ವೈರಸ್ಸಿನ ಮೇಲುಹೊದಿಕೆಗೂ ಕೆಟ್ಟ ಹೋಲಿಕೆ. ಅಂಗಿ ನೋಡಿ ವೈರಸ್ಸನ್ನು ಹಿಡಿದು ಕೊಂದ ರಕ್ತದ ಕಾವಲು ಕಣಗಳು ಆ ಅಂಗಿಯನ್ನು ನೆನಪಿಟ್ಟುಕೊಂಡು, ಅರವತ್ತು ಜನರಲ್ಲಿ ಒಬ್ಬರ ಮೈಯೊಳಗೆ ಅವರದೇ ನರಗಳ ಮೇಲೆ ಏರಿಹೋಗುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮೊದಲು ಕಾಲು ಜುಮುಗುಟ್ಟುತ್ತಿತ್ತು, ಗೆಜ್ಜೆ ಕಟ್ಟಿದಂತಾಗುತ್ತದೆ ಎಂದು ಯಾರೋ ಅಂದದ್ದೇ ಹೆಸರಾಯಿತು. ಆಮೇಲೆ ಬೆರಳುಗಳು ಇವೆಯೋ ಇಲ್ಲವೋ ತಿಳಿಯದ ಹಾಗೆ ಜೋಮು. ಕೆಲವರಿಗೆ ಅದು ಮಣಿಕಟ್ಟಿಗೆ ನಿಂತಿತು. ಕೆಲವರಿಗೆ ಎದೆಯವರೆಗೆ ಏರಿ ಉಸಿರು ನಿಲ್ಲಿಸಿತು.

ಗೋದಾಮಿನ ನಡುವೆ ಗಾಜಿನ ಕೋಣೆಯಲ್ಲಿ ಕೂತಿದ್ದ ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಉದ್ದವಾಗಿತ್ತು. ಊರವರು ಇಟ್ಟ ಹೆಸರು 'ಶಾಸ್ತ್ರಿಗಳು'. ಮುಂದಾಗುವುದನ್ನು ಹೇಳುತ್ತದಲ್ಲ, ಅದಕ್ಕೆ. ಜ್ವರ ಬಂದ ಹನ್ನೆರಡನೆಯ ದಿನ ಒಂದು ಹನಿ ರಕ್ತ ಕೊಟ್ಟರೆ, ನರವನ್ನು ವೈರಿ ಎಂದು ತಪ್ಪು ಕಲಿತ ಕಣಗಳು ಅದರಲ್ಲಿವೆಯೇ ಎಂದು ನೋಡಿ ಶಾಸ್ತ್ರಿಗಳು ಚೀಟಿ ಹೊರಹಾಕುತ್ತಿದ್ದರು. ಬಿಳಿ ಚೀಟಿ ಬಂದರೆ ಮನೆಗೆ. ಕೆಂಪು ಚೀಟಿ ಬಂದರೆ ಹಿಂದಿನ ವಾರ್ಡಿಗೆ, ಎರಡು ದಿನದ ಡ್ರಿಪ್ಪಿಗೆ. ಆ ಡ್ರಿಪ್ಪಿನಲ್ಲಿದ್ದ ಮದ್ದು ತಪ್ಪು ಕಲಿತ ಕಣಗಳಿಗೆ ಕಲಿತದ್ದನ್ನು ಮರೆಸುತ್ತಿತ್ತು. ಆದರೆ ಜ್ವರ ಶುರುವಾದ ಮೂವತ್ತೈದು ದಿನದೊಳಗೆ ಹಚ್ಚಬೇಕು. ಆಮೇಲೆ ಆ ಕಣಗಳು ಮೂಳೆಯೊಳಗೆ ಮನೆಮಾಡಿಕೊಂಡುಬಿಡುತ್ತವೆ, ಏನು ಹಾಕಿದರೂ ಜಗ್ಗುವುದಿಲ್ಲ. ಕೆಂಪು ಚೀಟಿಯಿಲ್ಲದೆ ಸುಮ್ಮನೆ ಹಾಕಿ ನೋಡೋಣ ಎನ್ನುವಂತೆಯೂ ಇರಲಿಲ್ಲ. ಮರೆಸಲು ತಪ್ಪು ಸಿಗದಿದ್ದರೆ ಆ ಮದ್ದು ಹುಟ್ಟಿನಿಂದ ಕಲಿತ ಒಳ್ಳೆಯದನ್ನೆಲ್ಲ ಮರೆಸಿ, ಮನುಷ್ಯ ನೆಗಡಿಗೂ ಸಾಯುವ ಹಾಗೆ ಮಾಡುತ್ತಿತ್ತು.

ಶಾಸ್ತ್ರಿಗಳಿಗೂ ಒಂದು ಪಂಚಾಂಗ ಬೇಕಲ್ಲ. ದಿನಾ ಬೆಳಿಗ್ಗೆ ಯಂತ್ರಕ್ಕೆ ರೋಗವಿಲ್ಲದವರ ತಾಜಾ ರಕ್ತ ತೋರಿಸಬೇಕಿತ್ತು. ಇದು ಸರಿಯಾದ ರಕ್ತ, ಇದಕ್ಕಿಂತ ಹೆಚ್ಚು ತಪ್ಪು ಕಂಡರೆ ಮಾತ್ರ ಕೆಂಪು ಹಾಕು ಎಂದು. ಅದಕ್ಕೆ ಹೋಲಿಕೆ ರಕ್ತ ಎನ್ನುತ್ತಿದ್ದರು. ತಕ್ಕಡಿಗೆ ತೂಕದ ಕಲ್ಲಿನ ಹಾಗೆ. ನಿಯಮದ ಪ್ರಕಾರ ಜ್ವರ ಮುಟ್ಟದ ಹನ್ನೆರಡು ಜನರ ರಕ್ತ ಬೆರೆಸಿ ಅದನ್ನು ಮಾಡಬೇಕು. ಜೀವಂತ ಕಣಗಳು ಆರು ತಾಸಿಗಿಂತ ಹೆಚ್ಚು ಬಾಳವು, ಆದ್ದರಿಂದ ದಿನವೂ ಹೊಸದು ಬೇಕು. ಮೊದಲು ಕಾಲೇಜಿನವರು ಸಾಲುಗಟ್ಟಿ ಬಂದರು. ಹತ್ತು ದಿನಕ್ಕೆ ಅವರ ಸಮಾಜಸೇವೆ ಮುಗಿಯಿತು. ಆಮೇಲೆ ಕೇಂದ್ರದ ಸಿಬ್ಬಂದಿಯೇ ತೋಳು ಚಾಚಿದರು. ಒಬ್ಬೊಬ್ಬರಿಗೇ ಜ್ವರ ಬಂದು ಒಬ್ಬೊಬ್ಬರ ಹೆಸರೇ ಪಟ್ಟಿಯಿಂದ ಬಿಟ್ಟುಹೋಯಿತು. ಕೊನೆಗೆ ಉಳಿದವಳು ಸರ್ವಮಂಗಳ ಒಬ್ಬಳೇ.

ಎರಡು ತಿಂಗಳಿಂದ ಅವಳು ಬೆಳಿಗ್ಗೆ ಎಂಟಕ್ಕೆ ಬಂದು 'ಜ್ವರ ಬಂದಿಲ್ಲ' ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ತೋಳು ಕೊಡುತ್ತಿದ್ದಳು. ಜೊತೆಯ ಟೆಕ್ನೀಷಿಯನ್ ಶಮೀಮ್ ರಕ್ತ ತೆಗೆದು ಯಂತ್ರಕ್ಕೆ ಹಾಕುತ್ತಿದ್ದಳು. ಊರಿಗೆಲ್ಲ ಅಳತೆ ಅವಳ ರಕ್ತ. ಅದನ್ನು ಯಾರಿಗೂ ಹೇಳಿಕೊಂಡು ತಿರುಗಲಿಲ್ಲ, ಆದರೆ ಒಳಗೊಳಗೆ ಹೆಮ್ಮೆ ಇತ್ತು. ಯಾಕಿರಬಾರದು?

ಅದೂ ಅಲ್ಲದೆ ಕಾಲ ಸುಧಾರಿಸುತ್ತಿತ್ತು. ಇಪ್ಪತ್ತಾರು ದಿನಗಳಿಂದ ಒಂದೇ ಒಂದು ಕೆಂಪು ಚೀಟಿ ಬಂದಿರಲಿಲ್ಲ. ಬರುವ ಶನಿವಾರ 'ಗೆಜ್ಜೆ ಮುಕ್ತ ಜಿಲ್ಲೆ' ಎಂದು ಸಭೆ, ಮಂತ್ರಿಗಳು, ಶಾಲು, ಹಾರ. ಬ್ಯಾನರು ಆಗಲೇ ಬಂದು ಗೋದಾಮಿನ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿತ್ತು.

*

ಮಂಗಳವಾರ ಸಂಜೆ ರುದ್ರೇಶ ಮನೆಗೆ ಬಂದಾಗ ಅವನ ಮೈಯೆಲ್ಲ ಸೀದ ವಾಸನೆ. ಸರ್ವಮಂಗಳ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅವಳ ಅತ್ತೆ ಹಾಲಮ್ಮ ಹಾಲಿನ ತಪ್ಪಲೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನಲೇ ಇದು, ಭಟ್ಟಿಯೊಳಗೇ ಮಲಗಿದ್ದೇನು?" ಅಂದಳು ಹಾಲಮ್ಮ.

"ಮಂಡಕ್ಕಿ ಹೊತ್ತಿಸಿಬಿಟ್ಟೆ ಕಣವ್ವ. ಒಂದು ಚೀಲ ಅಕ್ಕಿ ಇದ್ದಿಲಾತು."

ರುದ್ರೇಶ ಇಪ್ಪತ್ತು ವರ್ಷದಿಂದ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವವನು. ಕಾದ ಮರಳಿನ ಮೇಲೆ ಅಂಗೈ ಹಿಡಿದು, ಈಗ ಅಕ್ಕಿ ಹಾಕು, ಈಗ ತೆಗೆ ಎನ್ನುವುದು ಅವನ ವಿದ್ಯೆ. ಮಾಲೀಕ ಒಮ್ಮೆ ಶಾಖ ಅಳೆಯುವ ಮೀಟರು ತಂದಾಗ, ಅದನ್ನು ನಿಮ್ಮ ಕಂಕುಳಾಗೆ ಇಟ್ಕೊಳ್ರಿ ಎಂದು ಹೇಳಿ ಭಟ್ಟಿಯವರನ್ನೆಲ್ಲ ನಗಿಸಿದ್ದ. ಅಂಥವನ ಕೈಯಲ್ಲಿ ಮಂಡಕ್ಕಿ ಸೀದದ್ದು ಇದೇ ಮೊದಲು.

"ಕಣ್ಣು ಎಲ್ಲಿಟ್ಟಿದ್ದಿ?" ಅಂದಳು ಹಾಲಮ್ಮ.

"ಕಣ್ಣಲ್ಲವ್ವ, ಕೈ. ಬಿಸಿ ಕೈಗೆ ತಿಳೀಲಿಲ್ಲ."

ಸರ್ವಮಂಗಳ ತಟ್ಟುವುದನ್ನು ನಿಲ್ಲಿಸಿದಳು. "ಎಷ್ಟು ದಿನಾತು ಹಿಂಗಾಗಿ?"

"ಮೂರು ದಿನ. ಬೆರಳ ತುದಿಗೆ ಹಿಟ್ಟು ಮೆತ್ತಿದಂಗೆ ಅನ್ನಿಸ್ತೈತೆ."

"ನನಗ್ಯಾಕೆ ಹೇಳ್ಲಿಲ್ರೀ?"

"ನಿಮ್ಮ ಶಾಸ್ತ್ರಿಗಳು ಬಿಳಿ ಚೀಟಿ ಕೊಟ್ಟಾರಲ್ಲ. ಸೊನ್ನೆ ಬಂದೈತೆ ಅಂತ ನೀನೇ ನಕ್ಕಿದ್ದಿ."

ನಕ್ಕದ್ದು ನಿಜ. ರುದ್ರೇಶನಿಗೆ ಜ್ವರ ಬಂದು ಹನ್ನೆರಡನೆಯ ದಿನ ಪರೀಕ್ಷೆ ಮಾಡಿದಾಗ ಚೀಟಿಯಲ್ಲಿ ಸೊನ್ನೆ ಬಂದಿತ್ತು. ಅವಳ ರಕ್ತಕ್ಕೂ ಅವನ ರಕ್ತಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹದಿನೈದು ವರ್ಷ ಒಂದೇ ತಟ್ಟೆಯಲ್ಲಿ ಉಂಡರೆ ರಕ್ತವೂ ಒಂದಾಗುತ್ತದೆ ಎಂದು ಶಮೀಮ್ ರೇಗಿಸಿದ್ದಳು. ಈಗ ಸರ್ವಮಂಗಳ ಮನಸ್ಸಿನಲ್ಲೇ ದಿನ ಎಣಿಸಿದಳು. ಇವತ್ತಿಗೆ ಮೂವತ್ತೆರಡು. ಬಿಳಿ ಚೀಟಿ ಬಂದಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಏ ತಾಯಿ, ಬಟ್ಟೆ ತಗೋಳೇ! ಹೆಂಚು ಕೆಂಡ ಆಗೈತೆ," ಹಾಲಮ್ಮ ಕೂಗಿದಳು. ಸರ್ವಮಂಗಳ ಯೋಚನೆಯಲ್ಲಿ ಬರಿಗೈಯಲ್ಲೇ ರೊಟ್ಟಿ ಮಗುಚುತ್ತಿದ್ದಳು.

"ರೂಢಿ ಆಗೈತೆ ಬಿಡಿ ಅತ್ತೆ."

"ಏನು ರೂಢಿಯೋ." ಹಾಲಮ್ಮ ತಪ್ಪಲೆ ಕೆಳಗಿಟ್ಟು ಗಿಂಡಿಯೊಂದರಿಂದ ಮೊಸರು ಬಿಟ್ಟಳು. "ಎದುರುಮನೆ ಗೌರಮ್ಮನ ಹತ್ರ ಹೆಪ್ಪು ಇಸ್ಕೊಂಡು ಬಂದೆ. ನಮ್ಮನೆ ಹೆಪ್ಪು ಎಂದೋ ಹುಳಿ ಹತ್ತೈತಂತೆ, ಇವತ್ತು ಆಕೆ ಉಂಡು ಹೇಳಿದ್ಲು. ದಿನಾ ಅದನ್ನೇ ಉಣ್ಣೋ ನಮಗೆ ಎಲ್ಲಿ ತಿಳೀತೈತೆ?"

ಸರ್ವಮಂಗಳ ಹ್ಞೂಂಗುಟ್ಟಿದಳು. ಅತ್ತೆಯ ಮಾತು ಆ ಹೊತ್ತಿಗೆ ಅವಳ ಕಿವಿಯ ಒಳಗೆ ಇಳಿಯಲಿಲ್ಲ.

*

ಬುಧವಾರ ಬೆಳಿಗ್ಗೆ ಸಾಲು ಶುರುವಾಗುವ ಮೊದಲೇ ಅವಳು ರುದ್ರೇಶನನ್ನು ಕೇಂದ್ರಕ್ಕೆ ಕರೆದುಕೊಂಡು ಹೋದಳು. ಎಂದಿನಂತೆ ರಿಜಿಸ್ಟರಿಗೆ ಸಹಿ, ಎಂದಿನಂತೆ ತೋಳು ಚಾಚಿದ್ದು. ಶಮೀಮ್ ಹೋಲಿಕೆ ರಕ್ತ ತೆಗೆದು ಯಂತ್ರಕ್ಕೆ ಹಾಕಿದಳು. ಆಮೇಲೆ ಸರ್ವಮಂಗಳ ಗಂಡನ ಬೆರಳು ಹಿಡಿದಳು.

"ಇರುವೆ ಕಚ್ಚಿದಂಗೆ ಆಗ್ತೈತೆ, ಅಷ್ಟೆ."

"ಅರ್ಧ ಇರುವೆ," ಅಂದ ರುದ್ರೇಶ. ನಗಲು ನೋಡಿದ, ನಗು ಬರಲಿಲ್ಲ.

ಯಂತ್ರ ಏಳು ನಿಮಿಷ ಗುಂಯ್‌ಗುಟ್ಟಿ ಚೀಟಿ ಹಾಕಿತು. ಬಿಳಿ. ಸೊನ್ನೆ.

"ಅಲ್ಲಾ ದೊಡ್ಡೋನು!" ಶಮೀಮ್ ನಿಟ್ಟುಸಿರು ಬಿಟ್ಟಳು. "ನರ ಹಿಡ್ಕೊಂಡಿರಬೇಕು ಭಾವ. ಬಿಸಿನೀರಾಗೆ ಉಪ್ಪು ಹಾಕಿ ಕೈ ಇಟ್ಕೊಳ್ರಿ."

ಸರ್ವಮಂಗಳ ಚೀಟಿ ಹಿಡಿದುಕೊಂಡೇ ನಿಂತಳು. ಅವಳ ಕಣ್ಣು ಮೇಜಿನ ಮೇಲಿದ್ದ ನಿನ್ನೆಯ ಚೀಟಿಗಳ ಕಟ್ಟಿನ ಮೇಲೆ ಬಿತ್ತು. ಮೈನಸ್ ನಲವತ್ತು. ಮೈನಸ್ ಮೂವತ್ತೆಂಟು. ಮೈನಸ್ ನಲವತ್ತೊಂದು. ಹೋಲಿಕೆ ರಕ್ತಕ್ಕಿಂತ ಅಷ್ಟು ಕಡಿಮೆ ತಪ್ಪು. ಕಂಪನಿಯ ಎಂಜಿನಿಯರು ಫೋನಿನಲ್ಲಿ, ಸೊನ್ನೆಗಿಂತ ಕೆಳಗಿದ್ದರೆ ಇನ್ನೂ ಸಂತೋಷ ಪಡಿ ಎಂದಿದ್ದ. ಇವರು ಸಂತೋಷಪಟ್ಟು ಸುಮ್ಮನಾಗಿದ್ದರು.

"ಶಮೀಮ್, ಈ ಮೈನಸ್ ಶುರುವಾಗಿದ್ದು ಯಾವಾಗ ನೋಡು."

ಶಮೀಮ್ ಪರದೆಯಲ್ಲಿ ಹಿಂದಕ್ಕೆ ಹೋದಳು. ಅಲ್ಲಿಯವರೆಗೆ ರೋಗವಿಲ್ಲದವರಿಗೆಲ್ಲ ಸೊನ್ನೆಯ ಆಸುಪಾಸು ಇದ್ದದ್ದು ಒಂದೇ ದಿನಕ್ಕೆ ಮೈನಸ್ ಮೂವತ್ತೊಂಬತ್ತಕ್ಕೆ ಇಳಿದಿತ್ತು. "ಇಪ್ಪತ್ತಾರು ದಿನದ ಹಿಂದೆ ಅಕ್ಕ. ಕೆಂಪು ಚೀಟಿ ನಿಂತ ದಿನಾನೇ."

"ಆವತ್ತಿಂದ ಸೊನ್ನೆ ಬಂದೋರು ಎಷ್ಟು ಜನ?"

"ಇಪ್ಪತ್ತೊಂಬತ್ತು. ಭಾವನೂ ಸೇರಿ."

ಇಪ್ಪತ್ತಾರು ದಿನದಲ್ಲಿ ಪರೀಕ್ಷೆ ಮಾಡಿದ್ದು ಸಾವಿರದ ಎಂಟುನೂರು ಜನಕ್ಕೆ. ಅರವತ್ತಕ್ಕೆ ಒಬ್ಬರಂತೆ ಹಾಕಿದರೆ ಮೂವತ್ತು. ಸೊನ್ನೆ ಬಂದವರೂ ಹೆಚ್ಚುಕಡಿಮೆ ಅಷ್ಟೇ. ಸರ್ವಮಂಗಳ ಆ ಪಟ್ಟಿಯ ಮೊದಲ ಹೆಸರಿಗೆ ಫೋನು ಮಾಡಿದಳು. ಮಾರುಕಟ್ಟೆಯಲ್ಲಿ ಹೂ ಮಾರುವ ಕೆಂಚಮ್ಮ.

"ಕೆಂಚಮ್ಮಾರೆ, ನೆನಪು ಕೇಂದ್ರದಿಂದ ಮಾತಾಡ್ತಿದೀನಿ. ಕೈ ಹೆಂಗದಾವ್ರಿ?"

"ಏನು ಹೇಳ್ಲಿ ತಾಯಿ," ಅಂದಿತು ಆ ಕಡೆಯ ದನಿ. "ಹೂವು ಕಟ್ಟಾಕೆ ಆಗ್ತಿಲ್ಲ. ದಾರ ಕೈಯಾಗೆ ಐತೋ ಇಲ್ಲೋ ಗೊತ್ತಾಗಲ್ಲ. ನೀವು ಏನೂ ಇಲ್ಲ ಅಂತ ಚೀಟಿ ಕೊಟ್ರಲ್ಲ, ವಯಸ್ಸಾತು ಬಿಡು ಅನ್ಕೊಂಡೆ."

ಸರ್ವಮಂಗಳ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಫೋನು ಇಟ್ಟಮೇಲೆ ಅತ್ತೆಯ ಮಾತು ಕಿವಿಯೊಳಗೆ ಇಳಿಯಿತು. ದಿನಾ ಅದನ್ನೇ ಉಣ್ಣೋ ನಮಗೆ ಎಲ್ಲಿ ತಿಳೀತೈತೆ?

"ತಪ್ಪು ಅವರ ರಕ್ತ ತೂಗಿದ್ದರಾಗೆ ಇಲ್ಲ ಶಮೀಮ್. ತೂಕದ ಕಲ್ಲಿನಾಗೇ ಐತೆ."

"ಅಂದ್ರೆ?"

"ನನ್ನ ರಕ್ತದಾಗೆ. ರೋಗ ಇರೋ ರಕ್ತ ತೋರಿಸಿ ಇದೇ ಸರಿ ಅಂತ ದಿನಾ ಅದಕ್ಕೆ ಕಲಿಸೀನಿ. ರೋಗ ಇದ್ದೋರು ನನ್ನಂಗೇ ಕಂಡ್ರು, ಬಿಳಿ ಚೀಟಿ ಬಂತು. ಇಲ್ಲದೋರಿಗೆ ಮೈನಸ್ ಬಂತು."

"ನಿಮಗೆ ಜ್ವರಾನೇ ಬಂದಿಲ್ವಲ್ಲ ಅಕ್ಕ!"

"ಜ್ವರ ಬಂದಿಲ್ಲ. ವೈರಸ್ ಬಂದಿಲ್ಲ ಅಂತ ಯಾರು ಹೇಳಿದ್ರು?"

ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದ ವೈರಸ್ಸು. ಎರಡು ತಿಂಗಳಲ್ಲಿ ಅವಳ ರಕ್ತವನ್ನು ಯಾರೂ ಪರೀಕ್ಷೆಗೆ ಹಾಕಿರಲಿಲ್ಲ. ಅಳತೆಗೋಲನ್ನು ಅಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಹೊಳೆದಿದ್ದರೂ ಯಾವುದರಿಂದ ಅಳೆಯುತ್ತಿದ್ದರು?

ರುದ್ರೇಶ ಸ್ಟೂಲಿನ ಮೇಲೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದ. "ಹಂಗಾದ್ರೆ ನನಗೆ ಐತೆ," ಅಂದ.

"ಐತೆ ಅನ್ಸುತ್ರೀ."

"ಎಷ್ಟು ದಿನ ಐತೆ ಇನ್ನು?"

"ಶುಕ್ರವಾರಕ್ಕೆ ಮೂವತ್ತೈದು," ಅಂದಳು. ಪಟ್ಟಿ ಎತ್ತಿಕೊಂಡು ಡಾಕ್ಟರ ಕೋಣೆಗೆ ನಡೆದಳು.

*

ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಕೊಟ್ರೇಶ್ ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿಯನ್ನು ಮಧ್ಯಾಹ್ನದ ಊಟವಾದಮೇಲೆ ಕೇಳುವ ಅಭ್ಯಾಸದವರು. ಸರ್ವಮಂಗಳ ಅವರಿಗೆ ಬೆಳಗಿನ ಕಾಫಿಯನ್ನೂ ಕುಡಿಯಲು ಬಿಡಲಿಲ್ಲ.

ಅವರು ಪಟ್ಟಿ ನೋಡಿದರು, ಮತ್ತೆ ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಶನಿವಾರ ಸಭೆ ಐತಲ್ಲಮ್ಮ," ಅಂದರು. ಅಂದಮೇಲೆ ಅವರಿಗೇ ನಾಚಿಕೆಯಾಗಿರಬೇಕು, ತಲೆ ತಗ್ಗಿಸಿದರು.

"ಸಾರ್, ಇಪ್ಪತ್ತೊಂಬತ್ತು ಜನಕ್ಕೆ ಇವತ್ತೇ ಡ್ರಿಪ್ ಹಚ್ಚಬೇಕು."

"ಹೆಂಗೆ ಹಚ್ಚೋಣ? ಕೆಂಪು ಚೀಟಿ ಇಲ್ಲದೆ ಹಚ್ಚಿ, ಅವರಾಗೆ ಒಬ್ಬರಿಗೆ ರೋಗ ಇಲ್ಲದೆ ಹೋದ್ರೆ? ಅವರನ್ನ ನಾವೇ ಕೊಂದಂಗೆ. ಯಂತ್ರಕ್ಕೆ ಸರಿಯಾದ ಹೋಲಿಕೆ ರಕ್ತ ಬೇಕು. ಜ್ವರ ಇಲ್ಲದ ಜಿಲ್ಲೆಯಿಂದ ಹನ್ನೆರಡು ಜನ ಕಳಿಸ್ರಿ ಅಂತ ಈಗಲೇ ಕೇಳ್ತೀನಿ. ಬರಾಕೆ ಒಂದು ವಾರ."

"ವಾರದಾಗೆ ನನ್ನ ಗಂಡನ ಕೈ ಹೋಗ್ತೈತೆ ಸಾರ್."

"ನಾನೇನು ಮಾಡ್ಲಮ್ಮ? ಈ ಊರಾಗೆ ಆ ವೈರಸ್ ಮುಟ್ಟದೋರು ಯಾರು ಉಳಿದಾರೆ? ನಿನಗೇ ಗೊತ್ತಿಲ್ಲದಂಗೆ ನಿನಗೆ ಮುಟ್ಟೈತೆ. ಅದು ಮುಟ್ಟಬಾರದು ಅಂದ್ರೆ ಮನುಷ್ಯ ಹುಟ್ಟಿರಲೇ ಬಾರದು."

ಬಾಗಿಲಲ್ಲಿ ನಿಂತಿದ್ದ ಶಮೀಮ್ ಮೆಲ್ಲಗೆ ಕೆಮ್ಮಿದಳು. "ಹುಟ್ಟದೇ ಇರೋರು ಸಿಗ್ತಾರಲ್ಲ ಸಾರ್. ಪಕ್ಕದ ಬೀದಿ ಹೆರಿಗೆ ಆಸ್ಪತ್ರೆಯಾಗೆ."

ಹೊಕ್ಕುಳಬಳ್ಳಿ ಕತ್ತರಿಸಿದಮೇಲೆ ಅದರಲ್ಲಿ ಕೂಸಿನ ರಕ್ತ ಉಳಿದಿರುತ್ತದೆ. ತಾಯಿಯಿಂದ ಕೂಸಿಗೆ ಏನೇನೋ ಬಂದಿರುತ್ತದೆ ನಿಜ, ಆದರೆ ಶಾಸ್ತ್ರಿಗಳು ನೋಡುವ ಕಾವಲು ಕಣಗಳು ಕೂಸಿನವೇ. ಅವು ಇನ್ನೂ ಯಾವ ವೈರಿಯನ್ನೂ ಕಂಡಿರುವುದಿಲ್ಲ, ಸರಿಯನ್ನೂ ಕಲಿತಿರುವುದಿಲ್ಲ, ತಪ್ಪನ್ನೂ ಕಲಿತಿರುವುದಿಲ್ಲ.

ಡಾಕ್ಟರ್ ಕೊಟ್ರೇಶ್ ಎದ್ದು ನಿಂತರು. ಕಾಫಿ ಆರಿಹೋಗಿತ್ತು.

*

ಗುರುವಾರ ಬೆಳಿಗ್ಗೆ ಹತ್ತಕ್ಕೆ ಜಗಳೂರು ಕಡೆಯ ಒಬ್ಬ ಹೆಣ್ಣುಮಗಳಿಗೆ ಸಿಜೇರಿಯನ್ ಹೆರಿಗೆಯಾಗುವುದಿತ್ತು. ಬಳ್ಳಿಯ ರಕ್ತ ಕೊಡಲು ಅವಳು ಒಪ್ಪಿದ್ದಳು. ಒಪ್ಪದಿದ್ದದ್ದು ಅವಳ ತಾಯಿ. ಹಣೆತುಂಬ ವಿಭೂತಿಯ ಆ ಹೆಂಗಸು ಹೆರಿಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೂಸು ಕಣ್ಣು ಬಿಡೋಕ್ಕೆ ಮುಂಚೇನೇ ಚುಚ್ತೀರೇನು? ನಿಮಗೇನು ಮಕ್ಕಳು ಮರಿ ಇಲ್ಲೇನು?"

"ಇಲ್ಲವ್ವ, ನನಗೆ ಮಕ್ಕಳಿಲ್ಲ," ಅಂದಳು ಸರ್ವಮಂಗಳ. ಬೇರೆ ದಿನವಾಗಿದ್ದರೆ ಆ ಪ್ರಶ್ನೆ ಅವಳ ಇಡೀ ದಿನ ಕೆಡಿಸುತ್ತಿತ್ತು. "ಕೂಸಿಗೆ ಕೈ ಹಚ್ಚಲ್ಲ. ಬಳ್ಳಿ ಕತ್ತರಿಸಿದ ಮ್ಯಾಲೆ ಅದರಾಗೆ ಉಳಿಯೋ ರಕ್ತ ಸಾಕು."

"ಬಳ್ಳಿ ಕೊಡಲ್ಲ. ಅದನ್ನ ನಮ್ಮ ಹಿತ್ತಲಾಗೆ ಹೂಳಬೇಕು. ನಮ್ಮ ಮನೆ ಪದ್ಧತಿ."

"ಬಳ್ಳಿ ನಿಮಗೇ. ನಾನೇ ತೊಳೆದು, ಹೊಸ ಗಡಿಗೆಯಾಗೆ ಹಾಕಿ ನಿಮ್ಮ ಕೈಯಾಗೆ ಕೊಡ್ತೀನಿ." ಸರ್ವಮಂಗಳ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು. "ನನ್ನ ಗಂಡನಿಗೆ ನಾಳೆಯೊಳಗೆ ಮದ್ದು ಹಚ್ಚಬೇಕವ್ವ. ಅವನಂಗೇ ಇನ್ನೂ ಇಪ್ಪತ್ತೆಂಟು ಜನ. ತಪ್ಪು ನನ್ನಿಂದ ಆಗೈತೆ. ಅದನ್ನ ತೊಳೆಯಾಕೆ ನಿಮ್ಮ ಮಗಳ ಕೂಸಿನ ರಕ್ತ ಬೇಕು."

ಆ ಹೆಂಗಸು ಇವಳ ಮುಖ ನೋಡಿದಳು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಗಡಿಗೆ ನಾನೇ ತರ್ತೀನಿ," ಅಂದಳು.

ಹತ್ತೂ ಇಪ್ಪತ್ತಕ್ಕೆ ಹೆಣ್ಣು ಕೂಸು ಹುಟ್ಟಿತು. ಮೊದಲು ಅತ್ತಿತು, ಆಮೇಲೆ ಯಾರ ಮೇಲೋ ಸಿಟ್ಟು ಬಂದಂತೆ ಮುಖ ಸಿಂಡರಿಸಿ ಸುಮ್ಮನಾಯಿತು. ಬಳ್ಳಿಯಿಂದ ಅರವತ್ತು ಮಿಲಿ ರಕ್ತ ಸಿಕ್ಕಿತು. ಸರ್ವಮಂಗಳ ಅದನ್ನು ಎದೆಗೆ ಒತ್ತಿಕೊಂಡು ಪಕ್ಕದ ಬೀದಿಗೆ ಬಹುಮಟ್ಟಿಗೆ ಓಡಿದಳು. ಸೀಸೆ ಬೆರಳುಗಳ ನಡುವಿನಿಂದ ಜಾರಿದ ಹಾಗಾಗಿ ಎರಡೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಗ್ಲೌಸು ಸಡಿಲ ಎಂದುಕೊಂಡಳು.

ರುದ್ರೇಶನದೇ ಮೊದಲ ಹನಿ. ಏಳು ನಿಮಿಷ. ಯಂತ್ರದ ಬಾಯಿಂದ ಕೆಂಪು ಚೀಟಿ ಬಂತು, ನಲವತ್ತು. ಇಪ್ಪತ್ತೇಳು ದಿನದಲ್ಲಿ ಮೊದಲ ಕೆಂಪು. ಸರ್ವಮಂಗಳ ಅದನ್ನು ಕಣ್ಣಿಗೆ ಒತ್ತಿಕೊಂಡಳು. ರೋಗ ಇದೆ ಎಂದು ಬಂದ ಚೀಟಿಗೆ ಹೀಗೆ ಸಂತೋಷಪಟ್ಟವಳು ಆ ಕೇಂದ್ರದಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಬರಲಾರಳು. ಹನ್ನೊಂದೂವರೆಗೆ ಹಿಂದಿನ ವಾರ್ಡಿನಲ್ಲಿ ಅವನಿಗೆ ಡ್ರಿಪ್ಪು ಹಚ್ಚಿದರು. ಮೂವತ್ತನಾಲ್ಕನೆಯ ದಿನ.

"ಇನ್ನು ಮಂಡಕ್ಕಿ ಸೀಯಲ್ಲ ಬಿಡು," ಅಂದ ಮಲಗಿದ್ದಲ್ಲಿಂದ. "ನೀನು ಹೋಗು, ಅವರೆಲ್ಲ ಕಾಯ್ತಿದಾರೆ."

ಹೊರಗೆ ನಿಜಕ್ಕೂ ಕಾಯುತ್ತಿದ್ದರು. ಬೆಳಗಿನಿಂದ ಆಟೋದಲ್ಲಿ ಮೈಕು ಕಟ್ಟಿ ಊರೆಲ್ಲ ಕೂಗಿಸಿದ್ದರಿಂದ, ಹೆಸರು ಕರೆದ ಇಪ್ಪತ್ತೆಂಟು ಜನರ ಜೊತೆ ಹೆಸರಿಲ್ಲದ ಐನೂರು ಜನ ಬಂದಿದ್ದರು. ಕೂರಲು ಜಾಗವಿಲ್ಲದೆ ಯಾರೋ ಮೂಲೆಯ ಬ್ಯಾನರು ಬಿಚ್ಚಿ ಅಂಗಾತ ಹಾಸಿ, ಗೆಜ್ಜೆ ಮುಕ್ತ ಜಿಲ್ಲೆಯ ಮೇಲೆ ಕಾಲು ಚಾಚಿ ಕೂತಿದ್ದರು. ಡಾಕ್ಟರ್ ಕೊಟ್ರೇಶ್ ಯಂತ್ರದಲ್ಲಿ ತಾಂತ್ರಿಕ ದೋಷ ಎಂದು ಶುರುಮಾಡಿದರು. ಯಾರೋ ಬೈದರು, ಯಾರೋ ಚಪ್ಪಲಿ ಎತ್ತಿದರು.

ಸರ್ವಮಂಗಳ ಅವರ ಪಕ್ಕಕ್ಕೆ ಬಂದು ನಿಂತಳು. "ಯಂತ್ರದ ತಪ್ಪಲ್ಲ. ಅದಕ್ಕೆ ಇದೇ ಸರಿ ಅಂತ ದಿನಾ ತೋರಿಸಿದ್ದು ನನ್ನ ರಕ್ತ. ಅದರಾಗೆ ರೋಗ ಇತ್ತು. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಬೇಕಿತ್ತು."

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ," ಎಂದು ಹಿಂದಿನಿಂದ ಒಬ್ಬ ಅಂದ. ಕೆಲವರು ನಕ್ಕರು. ಸರ್ವಮಂಗಳಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಸಂಜೆ ನಾಲ್ಕರ ಹೊತ್ತಿಗೆ ಇಪ್ಪತ್ತೊಂಬತ್ತೂ ಮುಗಿದವು. ಇಪ್ಪತ್ತೇಳು ಕೆಂಪು, ಎರಡು ಬಿಳಿ. ಸುಮ್ಮನೆ ಎಲ್ಲರಿಗೂ ಮದ್ದು ಹಾಕಿದ್ದರೆ ಆ ಇಬ್ಬರು ಏನಾಗುತ್ತಿದ್ದರೋ. ಇಪ್ಪತ್ತೇಳರಲ್ಲಿ ಇಪ್ಪತ್ತನಾಲ್ಕು ಜನ ಮೂವತ್ತೈದು ದಿನದೊಳಗಿದ್ದರು. ಮೂವರು ದಾಟಿದ್ದರು. ಅವರಲ್ಲಿ ಕೆಂಚಮ್ಮನೂ ಒಬ್ಬಳು.

ಅದನ್ನು ಸರ್ವಮಂಗಳ ತಾನೇ ಹೇಳಿದಳು, ಬೇರೆ ಯಾರಿಗೂ ಬಿಡಲಿಲ್ಲ. ಕೆಂಚಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಎದೆತನಕ ಏರ್ತೈತೇನು?" ಎಂದು ಕೇಳಿದಳು.

"ಗೊತ್ತಿಲ್ರಿ. ಮಣಿಕಟ್ಟಿಗೆ ನಿಂತ್ರೂ ನಿಲ್ತೈತೆ."

"ಮೊಮ್ಮಗಳಿಗೆ ಹೂವು ಕಟ್ಟೋದು ಕಲಿಸೀನಿ," ಅಂದಳು ಕೆಂಚಮ್ಮ, ಯಾರಿಗೆ ಎಂದಿಲ್ಲದೆ. ಆಮೇಲೆ ತಲೆಯೆತ್ತಿ ಇವಳನ್ನು ಕೇಳಿದಳು. "ನಿನ್ನದು ಎಷ್ಟು ದಿನಾತು ತಾಯಿ?"

ಆ ಲೆಕ್ಕ ಸರ್ವಮಂಗಳ ನಿನ್ನೆಯೇ ಮಾಡಿದ್ದಳು. ಮೈನಸ್ ಶುರುವಾಗಿ ನಿನ್ನೆಗೆ ಇಪ್ಪತ್ತಾರು ದಿನ. ತಪ್ಪು ರಕ್ತದಲ್ಲಿ ಕಾಣಿಸಿಕೊಳ್ಳಲು ವೈರಸ್ಸು ಬಂದಮೇಲೆ ಹನ್ನೆರಡು ದಿನ. ಎರಡನ್ನೂ ಕೂಡಿಸಲು ಯಾವ ಶಾಸ್ತ್ರಿಗಳೂ ಬೇಕಿರಲಿಲ್ಲ. ಆದರೂ ಅವಳ ಮನಸ್ಸು ಅಲ್ಲೊಂದು ಇಲ್ಲೊಂದು ಸಂದು ಹುಡುಕುತ್ತಿತ್ತು. ಜ್ವರ ಬಾರದವರಿಗೆ ತಡವಾಗಿ ಶುರುವಾಗಬಹುದು. ಒಬ್ಬೊಬ್ಬರ ಮೈ ಒಂದೊಂದು ಥರ. ಬೆರಳು ಇನ್ನೂ ಸರಿಯಾಗಿಯೇ ಇವೆಯಲ್ಲ.

ಶಮೀಮ್ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಕೂಸಿನ ರಕ್ತ ಇನ್ನು ಸ್ವಲ್ಪ ಹೊತ್ತು ಮಾತ್ರ ಬಾಳ್ತೈತೆ ಅಕ್ಕ. ಒಳಗೆ ಬರ್ರಿ."

ಸ್ಟೂಲಿನ ಈ ಕಡೆ ಕೂರುವುದು ಅವಳಿಗೆ ಹೊಸದು. ತೋಳು ಚಾಚಿ ಅಭ್ಯಾಸವಿತ್ತು, ಬೆರಳು ಕೊಟ್ಟು ಅಭ್ಯಾಸವಿರಲಿಲ್ಲ. ಎಡಗೈಯ ಉಂಗುರ ಬೆರಳನ್ನು ಶಮೀಮಳ ಕೈಗೆ ಕೊಟ್ಟು, ಹೊರಗೆ ಬ್ಯಾನರಿನ ಮೇಲೆ ಕೂತ ಕೆಂಚಮ್ಮನ ಕಡೆ ಮುಖ ತಿರುಗಿಸಿದಳು. ಶಮೀಮ್ ಸ್ಪಿರಿಟ್ಟಿನ ಹತ್ತಿಯಿಂದ ಬೆರಳು ಒರೆಸಿದಳು.

"ಇರುವೆ ಕಚ್ಚಿದಂಗೆ ಆಗ್ತೈತೆ, ಅಷ್ಟೆ," ಅಂದಳು. ಮಾತು ಇವಳದೇ.

ಸರ್ವಮಂಗಳ ಹಲ್ಲು ಕಚ್ಚಿಕೊಂಡು ಕಾದಳು. ಮಾತು ಮುಗಿದು ಬಹಳ ಹೊತ್ತಾಯಿತು. ಕೊನೆಗೆ ಬೇಸರವೇ ಬಂತು.

"ಚುಚ್ಚೇ, ಯಾಕೆ ಕಾಯಿಸ್ತಿ?"

ಸರ್ವಮಂಗಳ ತಿರುಗಿ ನೋಡಿದಳು. ಶಮೀಮಳ ಕಣ್ಣು ತುಂಬಿತ್ತು. ಸೂಜಿ ಆಗಲೇ ತಟ್ಟೆಯಲ್ಲಿತ್ತು. ತನ್ನದೇ ಬೆರಳ ತುದಿಯಲ್ಲಿ ಹನಿ ರಕ್ತ ದುಂಡಗೆ ನಿಂತು, ಭಾರಕ್ಕೆ ಬಾಗಿ, ಅಂಗೈಯ ಕಡೆ ಇಳಿಯತೊಡಗಿತ್ತು.

"ಚುಚ್ಚಿದೆ ಅಕ್ಕ," ಅಂದಳು ಶಮೀಮ್.

ರಕ್ತ ಇಳಿಯುತ್ತಿದ್ದ ಕೈಯನ್ನು ಸರ್ವಮಂಗಳ ಬೇರೆಯವರ ಕೈ ನೋಡುವಂತೆ ನೋಡಿದಳು. ಆಮೇಲೆ ಇನ್ನೊಂದು ಕೈಯಿಂದ ರಿಜಿಸ್ಟರು ಎಳೆದುಕೊಂಡು, ಹೋಲಿಕೆ ರಕ್ತದ ಪುಟ ಬಿಟ್ಟು, ಪರೀಕ್ಷೆಗೆ ಬಂದವರ ಪುಟ ತೆಗೆದಳು. ಪೆನ್ನು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಅದನ್ನು ಮುಷ್ಟಿಯಲ್ಲಿ ಹಿಡಿದು, ಇಪ್ಪತ್ತೊಂಬತ್ತನೆಯ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು.